ಇಪ್ಪತ್ತೆಂಟು ದಿನದ ನೀರು

“ಏಳೋ ಮೇಲೆ, ಬೇವರ್ಸಿ! ಭಟ್ರು ಗೇಟಿಗೆ ಬಂದಾಯ್ತು. ನಿನ್ನ ಕುಂಡೆ ಇನ್ನೂ ನೀರಲ್ಲೇ ಉಂಟಲ್ಲ?”

ಧನಿ ಸರ್ವೋತ್ತಮರು ಈಜುಕೊಳದ ದಂಡೆಯಲ್ಲಿ ನಿಂತು ಕೂಗಿದ್ದು ಹೊಸ ರೆಸಾರ್ಟಿನ ಕಾಟೇಜುಗಳಿಗೆ ಬಣ್ಣ ಹೊಡೆಯುತ್ತಿದ್ದವರಿಗೂ ಕೇಳಿಸಿತು. ಎದೆಮಟ್ಟದ ನೀರಿನಲ್ಲಿ ನಿಂತಿದ್ದ ದೂಮಪ್ಪ ಗೋಡೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಒಂದು ಮೂಲೆ ಬಾಕಿ ಉಂಟು ಧನಿ. ಸುಣ್ಣ ಬಿಡ್ತಾ ಉಂಟು. ಈಗ ಉಜ್ಜದಿದ್ರೆ ಕೂತು ಗಟ್ಟಿ ಆಗ್ತದೆ.”

“ನೀನೆಂತ ಇಂಜಿನಿಯರಾ? ಸುಣ್ಣ ಅಂತೆ! ಬಾ ಅಂದ್ರೆ ಬರ್ಬೇಕು.”

ದೂಮಪ್ಪ ಬ್ರಶ್ಶು ಹೆಗಲಿಗೇರಿಸಿ ಏಣಿ ಹತ್ತಿದ. ಮೈಯಿಂದ ನೀರು ಸುರಿದು ದಂಡೆಯ ಹೊಸ ಕಲ್ಲಿನ ಮೇಲೆ ಅವನ ಹೆಜ್ಜೆಗಳು ಮೂಡಿದವು. ಧನಿಗಳ ಹೆಂಡತಿ ಸುಗಂಧಿಯಮ್ಮ ಬಣ್ಣದವನೊಬ್ಬನನ್ನು ಕರೆದು ಆ ಹೆಜ್ಜೆಗಳ ಮೇಲೆ ಒಂದು ಬಕೆಟ್ ನೀರು ಹೊಡೆಸಿದರು. ಇಲ್ಲಿ ಜಾತಿಗೀತಿ ಎಂತದೂ ಇಲ್ಲ, ದೇವರ ಕೆಲಸ ಅಲ್ವಾ, ಸ್ವಲ್ಪ ನೋಡ್ಕೊಳ್ಬೇಕು ಎಂದು ಯಾರೂ ಕೇಳದಿದ್ದರೂ ಹೇಳಿದರು. ಒಂದು ತಿಂಗಳಿನಿಂದ ಅದೇ ಮೈ ಅದೇ ನೀರಿನಲ್ಲಿ ಮುಳುಗೇಳುತ್ತಿದ್ದಾಗ ದೇವರಿಗೆ ಬಹುಶಃ ರಜೆ ಇತ್ತು.

ಹೊಸ ಪೂಲಿನ ಗಾರೆ ಇಪ್ಪತ್ತೆಂಟು ದಿನ ಸುಣ್ಣ ಬಿಡುತ್ತದೆ. ನೀರು ದಿನದಿನಕ್ಕೂ ಕ್ಷಾರವಾಗುತ್ತಾ ಹೋಗುತ್ತದೆ. ದಿನಕ್ಕೆ ಮೂರು ಸಲ ಒಳಗಿಳಿದು ಗೋಡೆಯನ್ನೂ ತಳವನ್ನೂ ಉಜ್ಜಬೇಕು, ಅಳೆದು ಅಳೆದು ಆ್ಯಸಿಡ್ ಬಿಡಬೇಕು, ಪಂಪು ಓಡುತ್ತಲೇ ಇರಬೇಕು. ಇದನ್ನೆಲ್ಲ ದೂಮಪ್ಪನಿಗೆ ಕಲಿಸಿದವನು ಪೂಲ್ ಕಟ್ಟಿಸಿದ ಕಾಂಟ್ರಾಕ್ಟರ್ ವಿಲ್ಫ್ರೆಡ್, ಕಾರ್ಕಳದ ಕುಕ್ಕುಂದೂರಿನವನು. ಅವನು ಕರೆತಂದಿದ್ದ ಆಪರೇಟರು ಮೊದಲ ದಿನವೇ ಆ್ಯಸಿಡ್ ಹೊಗೆ ಕುಡಿದು ಕೆಮ್ಮುತ್ತಾ ಊರಿಗೆ ಹೋದ. ಕಾಪುವಿನ ಸುತ್ತಮುತ್ತ ಕೇಳಿದರೂ ಆ ಕೆಲಸಕ್ಕೆ ಯಾರೂ ಬರಲಿಲ್ಲ. ಆಗ ಗುಂಡಿ ತೋಡುವಾಗಿನಿಂದ ಅಲ್ಲೇ ಇದ್ದ ದೂಮಪ್ಪ ಪೂಲಿನ ನೀರನ್ನು ಅಂಗೈಯಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿ ಉಗುಳಿದ್ದ.

“ಸುಣ್ಣ ಜಾಸ್ತಿ ಉಂಟು ಪೊರ್ಬುಗಳೇ. ವೀಳ್ಯದೆಲೆಗೆ ಸುಣ್ಣ ಹೆಚ್ಚಾದ ಹಾಗೆ ಸುಡ್ತದೆ.”

ಕ್ರಿಶ್ಚಿಯನ್ನರನ್ನು ಪೊರ್ಬುಗಳೇ ಎಂದು ಊರೆಲ್ಲ ಕರೆಯುವಂತೆ ಅವನೂ ವಿಲ್ಫ್ರೆಡನನ್ನು ಕರೆಯುತ್ತಿದ್ದ. ವಿಲ್ಫ್ರೆಡ್ ತನ್ನ ಪೆಟ್ಟಿಗೆ ತೆರೆದು ಚಿಕ್ಕ ಗಾಜಿನ ನಳಿಕೆಯಲ್ಲಿ ನೀರು ತುಂಬಿ ಮದ್ದು ಹನಿಸಿದ. ನೀರು ಕಡುಗೆಂಪಾಯಿತು.

“ಹೌದು ಮಾರಾಯ! ನಿನ್ನ ನಾಲಗೆಯಲ್ಲಿ ಮೀಟರ್ ಉಂಟಾ?”

ಮೀಟರಲ್ಲ, ಮೂರು ತಲೆಮಾರಿನ ಬಾವಿ ಕೆಲಸ. ದೂಮಪ್ಪನ ಅಜ್ಜ, ಅಪ್ಪ, ಅವನು ಎಲ್ಲರೂ ಇದೇ ಧನಿಗಳ ಮನೆಯ ಬಾವಿಗೆ ಇಳಿದವರು. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಹಗ್ಗ ಹಿಡಿದು ಇಳಿಯುವುದು, ಕೆಸರು ಎತ್ತಿ ಕೊಡುವುದು, ಒರತೆಯ ನೀರು ಬಂದೊಡನೆ ಬಾಯಿಗೆ ಹಾಕಿ ಸಿಹಿಯೋ ಉಪ್ಪೋ ಹೇಳುವುದು. ಆಮೇಲೆ ಮೇಲೆ ಬಂದು ದೂರದಲ್ಲಿ ಕೂತು ತೆಂಗಿನ ಗೆರಟೆಯಲ್ಲಿ ಕಾಫಿ ಕುಡಿದು ಹೋಗುವುದು. ಇವರು ಅಂಗಳ ದಾಟಿದ ಮೇಲೆ ಭಟ್ಟರು ಬಾವಿಗೆ ಪಂಚಗವ್ಯ ಹಾಕಿ ಶುದ್ಧ ಮಾಡುವರು. ಕೆಸರು ಇರುವ ತನಕ ಇವರ ಮೈ ಬೇಕು, ನೀರು ತಿಳಿಯಾದ ಮೇಲೆ ಬೇಡ.

ದೂಮಪ್ಪ ಈ ಕೆಲಸಕ್ಕೆ ಒಪ್ಪಿದ್ದು ಐದು ಸೆಂಟ್ಸ್ ಜಾಗಕ್ಕಾಗಿ. ರೆಸಾರ್ಟಿನ ಹಿಂದಿನ ಮೂಲೆಯಲ್ಲಿ ಅವನ ಮನೆ ಇತ್ತು. ಅಜ್ಜ ಕಟ್ಟಿದ್ದು, ಅಪ್ಪ ಹಂಚು ಹೊದಿಸಿದ್ದು. ಕಾಗದದಲ್ಲಿ ಮಾತ್ರ ಅದು ಧನಿಗಳ ಜಾಗ. ಪಾರ್ಕಿಂಗ್ ಮಾಡಲು ಆ ಮೂಲೆ ಬೇಕೆಂದು ಅದಕ್ಕೆ ತಾಗಿಯೇ ಜೆಸಿಬಿ ತಂದು ನಿಲ್ಲಿಸಿದ್ದರು. ಪೂಲಿನ ಕೆಲಸಕ್ಕೆ ಜನ ಸಿಗದೆ ಕೈಕಟ್ಟಿದಂತಾದಾಗ ಸರ್ವೋತ್ತಮರು ದೂಮಪ್ಪನನ್ನು ಕರೆದರು.

“ಇಪ್ಪತ್ತೆಂಟು ದಿನ ನೀರು ನೋಡ್ಕೋ. ಉದ್ಘಾಟನೆ ದಿನ ಕನ್ನಡಿ ಹಾಗಿರ್ಬೇಕು. ನಿನ್ನ ಐದು ಸೆಂಟ್ಸಿಗೆ ದಾನಪತ್ರ ಬರೆಸಿ ಅವತ್ತೇ ಸಹಿ ಹಾಕ್ತೇನೆ, ಮರುದಿನ ರಿಜಿಸ್ಟ್ರಿ. ಇಲ್ಲದಿದ್ರೆ ಜೆಸಿಬಿ ಉಂಟು.”

ಪತ್ರವನ್ನು ಟೈಪ್ ಮಾಡಿಸಿ ತೋರಿಸಿಯೂ ಇದ್ದರು. ಕೆಳಗೆ ಸಹಿಯ ಜಾಗ ಖಾಲಿ ಇತ್ತು. ಅವತ್ತಿನಿಂದ ದೂಮಪ್ಪ ಮೈಯೆಲ್ಲ ಕಣ್ಣಾಗಿ ನೀರು ನೋಡಿದ. ಕೊಟ್ಟ ಗ್ಲೌಸು ಮೂರೇ ದಿನದಲ್ಲಿ ಹರಿಯಿತು. ಹೊಸದು ಕೇಳಿದ್ದಕ್ಕೆ ಧನಿಗಳ ಮಗ ವಿಕಾಸ್, “ನಿನಗೆಂತ ಮದುವೆ ಉಂಟಾ, ಕೈ ಚಂದ ಇರ್ಲಿಕ್ಕೆ?” ಎಂದು ನಕ್ಕ. ಬೆರಳ ಸಂದಿಯ ಚರ್ಮ ಸುಲಿದು ಬಿಳುಚಿತು. ಊಟಕ್ಕೆ ಕೂತರೆ ಸಾರಿನ ಖಾರ ತಾಗಿ ಜೀವ ಹೋಗುತ್ತಿತ್ತು. ಹೆಂಡತಿ ರತ್ನಾವತಿ ಗಂಜಿಯನ್ನು ಚಮಚದಲ್ಲಿ ತಿನ್ನಿಸುತ್ತಿದ್ದಳು. ಅವಳಿಗೆ ರೆಸಾರ್ಟಿನ ಹಿತ್ತಿಲಲ್ಲಿ ಪಾತ್ರೆ ತಿಕ್ಕುವ ಕೆಲಸ. ಮಧ್ಯಾಹ್ನ ಬುತ್ತಿ ತಂದಾಗ ಪಂಪಿನ ಕೋಣೆಯಲ್ಲಿ ಕೂತು, ಯಾವ ಹಿಡಿ ತಿರುಗಿಸಿದರೆ ಯಾವ ನೀರು ಎಲ್ಲಿಗೆ ಹೋಗುತ್ತದೆ ಎಂದು ಗಂಡನನ್ನು ಕೇಳಿ ಕಲಿತಿದ್ದಳು.

ಇಪ್ಪತ್ತೇಳನೆಯ ದಿನ ನಳಿಕೆಯಲ್ಲಿ ಬಣ್ಣ ಸರಿಯಾಗಿ ಬಂತು. ಕ್ಲೋರಿನ್ನಿನ ಬದಿಯಲ್ಲಿ ತಿಳಿ ಹಳದಿ, ಸುಣ್ಣದ ಬದಿಯಲ್ಲಿ ತಿಳಿ ಕೆಂಪು. ತಳದಲ್ಲಿ ಸೂಜಿ ಬಿದ್ದರೂ ಕಾಣುವಂತಿತ್ತು. ಅವತ್ತು ಗಂಡಹೆಂಡತಿ ಮನೆಯ ಎದುರು ಕೂತು, ಹಿತ್ತಿಲಲ್ಲಿ ನುಗ್ಗೆ ನೆಡುವುದೋ ಬಸಳೆ ಚಪ್ಪರ ಹಾಕುವುದೋ ಎಂದು ಜಗಳವಾಡಿದರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅಷ್ಟು ಸಂತೋಷದ ಜಗಳ ಅವರು ಆಡಿದ್ದಿಲ್ಲ.

ಮರುದಿನ ಶುಕ್ರವಾರ ಶುದ್ಧಿಯ ಪೂಜೆ, ಭಾನುವಾರ ಉದ್ಘಾಟನೆ.

ದೂಮಪ್ಪನನ್ನು ನೀರಿನಿಂದ ಎಬ್ಬಿಸಿ ಅವನ ಹೆಜ್ಜೆ ತೊಳೆಸಿದ ಮೇಲೆ ಭಟ್ಟರು ಇಪ್ಪತ್ತೊಂದು ಕಲಶ ಇಟ್ಟರು. ಹಾಲು, ಮೊಸರು, ತುಪ್ಪ, ಗೋಮೂತ್ರ, ಸೆಗಣಿ ಕದಡಿದ ನೀರು, ಅರಸಿನ, ಕುಂಕುಮ, ಅಕ್ಷತೆ. ಮಂತ್ರ ಹೇಳುತ್ತಾ ಒಂದೊಂದಾಗಿ ಪೂಲಿಗೆ ಸುರಿದರು. ದೂಮಪ್ಪ ಪೂಲಿನ ಬೇಲಿಯ ಗೇಟಿನ ಹೊರಗೆ ನಿಂತು ನೋಡಿದ. ಪೂಜೆ ಮುಗಿದು ಭಟ್ಟರು ಹೊರಗೆ ಬಂದಾಗ ಅವನು ಕೈಮುಗಿದ.

“ಭಟ್ರೇ, ಪಂಪು ಓಡಿಸ್ಬೇಕಿತ್ತು. ಕ್ಲೋರಿನ್ ಹಾಕ್ಬೇಕು. ಈ ಬಿಸಿಲಿಗೆ ಹಾಲು ನೀರಲ್ಲಿ ಕೊಳೀತದೆ.”

ಭಟ್ಟರು ಎರಡು ಹೆಜ್ಜೆ ಹಿಂದೆ ಸರಿದು ಧನಿಗಳ ಕಡೆ ನೋಡಿದರು.

“ಪಂಚಗವ್ಯ ಕೊಳೀತದೆ ಅಂತೆ! ಯಾರು ಇವನು?”

“ಕೆಲಸದವ,” ಅಂದರು ಸರ್ವೋತ್ತಮರು. ಅವರ ಮುಖ ಕಪ್ಪಿಟ್ಟಿತು.

“ಭಾನುವಾರ ತನಕ ಆ ನೀರನ್ನು ಯಂತ್ರವೂ ಮುಟ್ಟಬಾರದು, ಮನುಷ್ಯನೂ ಮುಟ್ಟಬಾರದು. ಇವನಂತೂ ಈ ಗೇಟಿನೊಳಗೆ ಕಾಲಿಡ್ಲಿಕ್ಕಿಲ್ಲ.”

ಭಟ್ಟರ ಕಾರು ಹೋದ ಮೇಲೆ ಸರ್ವೋತ್ತಮರು ದೂಮಪ್ಪನ ಕೆನ್ನೆಗೆ ಬಾರಿಸಿದರು. ಪಂಪಿನ ಕೋಣೆಯ ಬೀಗದ ಕೈಯನ್ನು ಅವನ ಸೊಂಟದಿಂದ ತಾವೇ ಕಿತ್ತುಕೊಂಡರು. ಬಾರಿಸುವಾಗ ಮುಟ್ಟಿದರೆ ಮೈಲಿಗೆ ಇಲ್ಲ ಎಂದು ಯಾವ ಭಟ್ಟರು ಅವರಿಗೆ ಹೇಳಿಕೊಟ್ಟಿದ್ದರೋ.

ಶನಿವಾರ ಇಡೀ ದಿನ ದೂಮಪ್ಪ ಬೇಲಿಯ ಹೊರಗಿನಿಂದ ನೀರು ನೋಡಿದ. ಬೆಳಿಗ್ಗೆ ಮಂಕಾಗಿತ್ತು. ಮಧ್ಯಾಹ್ನಕ್ಕೆ ತುಪ್ಪದ ಪದರ ಕಟ್ಟಿ ನೊಣ ಕೂತವು. ಸಂಜೆಗೆ ಹಸಿರು ತಿರುಗಿತು. ರತ್ನಾವತಿ ಕರೆದರೂ ಅವನು ಊಟಕ್ಕೆ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ವಿಕಾಸ್ ಮನೆಯ ಬಾಗಿಲಿಗೇ ಬಂದ.

“ಬಾರೋ ಬೋಳಿಮಗನೆ! ಎಂತ ಮಾಡಿದ್ದಿ ನೀರಿಗೆ?”

ಪೂಲಿನ ದಂಡೆಯಲ್ಲಿ ಸರ್ವೋತ್ತಮರು, ಸುಗಂಧಿಯಮ್ಮ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದರು. ನೀರು ಕೆರೆಯಂತಾಗಿತ್ತು. ಗೋಮೂತ್ರವೂ ಉಳಿದಿದ್ದ ಕ್ಲೋರಿನ್ನೂ ಕೂಡಿ ಘಾಟು ಕಣ್ಣಿಗೆ ಹೊಡೆಯುತ್ತಿತ್ತು.

“ಕದ್ದು ಇಳಿದಿದ್ದಾನೆ ಇವ,” ಅಂದರು ಸುಗಂಧಿಯಮ್ಮ. “ಶುದ್ಧ ಆದ ಮೇಲೆ ಇಳಿದಿದ್ದಾನೆ. ಇಲ್ಲದಿದ್ರೆ ಹೀಗಾಗ್ಲಿಕ್ಕೆ ಉಂಟಾ?”

“ನಾನು ಗೇಟು ದಾಟಲಿಲ್ಲ ಅಮ್ಮ. ಹಾಲು, ಸೆಗಣಿ ಬಿದ್ದ ನೀರು. ಪಂಪು ಇಲ್ಲ, ಮದ್ದಿಲ್ಲ. ಹಾಳಾಗದೆ ಎಂತ ಆಗ್ತದೆ?”

“ಬಾಯಿ ಮುಚ್ಚು,” ಅಂದರು ಸರ್ವೋತ್ತಮರು. ಕಿಸೆಯಿಂದ ಮಡಚಿದ ಪತ್ರ ತೆಗೆದು ಅವನ ಮುಖದ ಎದುರು ಅಲ್ಲಾಡಿಸಿದರು. “ನಾಲ್ಕು ಗಂಟೆಗೆ ಮಣಿಪಾಲ, ಉಡುಪಿಯಿಂದ ಜನ ಬರ್ತಾರೆ. ನೀರು ಕನ್ನಡಿ ಆದ್ರೆ ಇದಕ್ಕೆ ಸಹಿ. ಇಲ್ಲದಿದ್ರೆ ನಾಳೆ ಬೆಳಿಗ್ಗೆ ಹಂಚು ಇಳಿಸ್ಲಿಕ್ಕೂ ಪುರುಸೊತ್ತು ಕೊಡುವುದಿಲ್ಲ. ಮೇಲಿನಿಂದಲೇ ಮಾಡು, ನೀರಿಗೆ ಕಾಲು ಹಾಕ್ಬೇಡ.”

ದೂಮಪ್ಪ ವಿಲ್ಫ್ರೆಡನಿಗೆ ಫೋನ್ ಮಾಡಿದ. ವಿಷಯ ಕೇಳಿ ವಿಲ್ಫ್ರೆಡ್ ಆ ಕಡೆಯಿಂದ ಹೇಳಿದ.

“ಸಾವು ಮಾರಾಯ! ಅದಕ್ಕೆ ನಾಲ್ಕು ಕಿಲೋ ಕ್ಲೋರಿನ್ ಕಲಸಿ ಹಾಕು. ಪಟಿಕ ಹಾಕು. ಪಂಪು ನಿಲ್ಲಿಸಬೇಡ. ಮತ್ತೆ ಕೇಳು ದೂಮಪ್ಪಣ್ಣ, ನಾಳೆ ತನಕ ಒಬ್ಬನೂ ನೀರಿಗೆ ಇಳೀಬಾರದು. ಕಣ್ಣು, ಶ್ವಾಸ ಎರಡೂ ಹೋಗ್ತದೆ. ಮಕ್ಕಳನ್ನಂತೂ ಹತ್ರ ಬಿಡಬೇಡ.”

ದೂಮಪ್ಪ ನಾಲ್ಕು ಕಿಲೋ ಅಳೆದು ಹಾಕಿದ. ಹನ್ನೊಂದು ಗಂಟೆಯಾದರೂ ಹಸಿರು ಪೂರ್ತಿ ಹೋಗಲಿಲ್ಲ. ವಿಕಾಸ್ ಬಂದು ನೋಡಿದ, ಡ್ರಮ್ಮನ್ನು ನೋಡಿದ.

“ಇಷ್ಟು ಇಟ್ಕೊಂಡು ಚಮಚದಲ್ಲಿ ಹಾಕ್ತಿದ್ದಿಯಲ್ಲ, ನಿನ್ನಪ್ಪನ ಗಂಟಾ?”

“ಬೇಡ ಸಣ್ಣ ಧನಿ! ಅದು ವಿಷ ಆಗ್ತದೆ!”

ವಿಕಾಸ್ ಇಪ್ಪತ್ತು ಕಿಲೋದಷ್ಟು ಉಳಿದಿದ್ದ ಡ್ರಮ್ಮನ್ನು ಹಾಗೇ ಬೋರಲು ಹಾಕಿದ. ಬಿಳಿ ಹುಡಿ ನೀರಿಗೆ ಬಿದ್ದು ಹೊಗೆಯಂತೆ ಹರಡಿತು. ಅವನೂ ಕೆಮ್ಮುತ್ತಾ ಓಡಿದ. ಮೂರು ಗಂಟೆಗೆ ಪೂಲು ಆಕಾಶದ ಬಣ್ಣಕ್ಕೆ ಬಂತು. ಅಷ್ಟು ನೀಲಿಯನ್ನು ದೂಮಪ್ಪ ಇಪ್ಪತ್ತೆಂಟು ದಿನದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಅವನಿಗೆ ಹೆದರಿಕೆಯಾಯಿತು. ನಳಿಕೆಯಲ್ಲಿ ನೀರು ತೆಗೆದು ಮದ್ದು ಹನಿಸಿದ. ತಿಳಿ ಹಳದಿ ಬರಬೇಕಾದಲ್ಲಿ ಕಿತ್ತಳೆ ಬಂತು, ಕಿತ್ತಳೆಯೂ ನಿಲ್ಲದೆ ಕಂದು ತಿರುಗಿತು. ನಾಲಗೆಗೆ ಒಂದು ಹನಿ ಮುಟ್ಟಿಸಿದ. ನಾಲಗೆಯ ತುದಿ ಬೆಂದುಹೋಯಿತು.

ನಾಲ್ಕಕ್ಕೆ ಜನ ತುಂಬಿದರು. ಕುರ್ಚಿ, ಬಣ್ಣದ ಕೊಡೆ, ಕಲ್ಲಂಗಡಿ ಜ್ಯೂಸು. ಭಟ್ಟರಿಗೆ ಎದುರಿನ ಸಾಲಿನಲ್ಲೇ ಕುರ್ಚಿ. ನೀರು ನೋಡಿದವರೆಲ್ಲ ಅಬ್ಬಾ ಎಂದರು. ಸರ್ವೋತ್ತಮರ ಎದೆ ಉಬ್ಬಿತು. ಅವರು ಪೂಲಿನ ತುದಿಯಲ್ಲಿ ನಿಂತಿದ್ದ ದೂಮಪ್ಪನನ್ನು ಬೆರಳಿನಲ್ಲೇ ಕರೆದರು.

“ನೋಡಿ, ನಮ್ಮ ಹಳೇ ಮನುಷ್ಯ. ಅವನ ಅಜ್ಜನ ಕಾಲದಿಂದ ನಮ್ಮಲ್ಲೇ ಇದ್ದಾನೆ. ಇವತ್ತು ಅವನಿಗೆ ಅವನ ಮನೆ ಕೊಡ್ತಾ ಇದ್ದೇನೆ.”

ಜನ ಚಪ್ಪಾಳೆ ತಟ್ಟಿದರು. ಮೊಬೈಲುಗಳು ಮೇಲೆದ್ದವು. ಸರ್ವೋತ್ತಮರು ದುಬೈಯಿಂದ ತಂದ ನೀಲಿ ಶಾಯಿ ಪೆನ್ನು ತೆಗೆದು ಪತ್ರಕ್ಕೆ ಉದ್ದಕ್ಕೆ ಸಹಿ ಹಾಕಿದರು. ಕೈ ತಾಗದಂತೆ ಪತ್ರವನ್ನು ಮೇಲಿನಿಂದ ಬಿಟ್ಟರು. ದೂಮಪ್ಪ ಎರಡೂ ಕೈ ಒಡ್ಡಿ ಹಿಡಿದುಕೊಂಡ. ಸುಲಿದ ಬೆರಳುಗಳಿಗೆ ಕಾಗದದ ಅಂಚು ತಾಗಿ ಉರಿಯಿತು. ಕಣ್ಣಲ್ಲಿ ನೀರು ಬಂತು. ಅಜ್ಜ ಇದ್ದಿದ್ದರೆ, ಅಪ್ಪ ಇದ್ದಿದ್ದರೆ ಎಂದು ಅವನ ಜೀವ ಒದ್ದಾಡಿತು. ಹಿತ್ತಿಲ ಬಾಗಿಲಲ್ಲಿ ಬೂದಿ ಕೈಯಲ್ಲೇ ನಿಂತಿದ್ದ ರತ್ನಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಪತ್ರವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟ.

“ಈಗ ಮಕ್ಕಳು ಮೊದಲು ಹಾರಲಿ,” ಎಂದರು ಸುಗಂಧಿಯಮ್ಮ.

ಐದಾರು ಮಕ್ಕಳು ಓಡಿ ಬಂದರು. ಎದುರಿಗೆ ಧನಿಗಳ ಮೊಮ್ಮಗಳು ಆಶ್ರಿತಾ. ಆರು ವರ್ಷ, ಹಲ್ಲು ಬಿದ್ದ ಬಾಯಿ. ಇಪ್ಪತ್ತೆಂಟು ದಿನವೂ ಬೇಲಿಯ ಹತ್ತಿರ ಬಂದು, ಇವತ್ತು ಯಾವ ಕಲರ್ ಬಂತು ದೂಮಣ್ಣ, ಎಂದು ಕೇಳಿ ಹೋಗುತ್ತಿದ್ದವಳು ಅವಳೊಬ್ಬಳೇ.

“ಧನಿ,” ಅಂದ ದೂಮಪ್ಪ ಮೆಲ್ಲಗೆ. “ಮಕ್ಕಳನ್ನು ಬಿಡಬೇಡಿ. ನಾಳೆ ತನಕ ಇಳೀಬಾರದು. ಮದ್ದು ಜಾಸ್ತಿ ಉಂಟು. ಕಣ್ಣು ಹೋಗ್ತದೆ.”

“ಸಿಕ್ಕಿತಲ್ಲ ನಿನಗೆ? ಹೋಗು ಈಗ.”

“ಹೋಗ್ತೇನೆ. ಇದೊಂದು ನೋಡಿ.” ಅವನು ಕಂದು ನಳಿಕೆ ಎತ್ತಿ ಹಿಡಿದ. ಸರ್ವೋತ್ತಮರು ಅದನ್ನು ಅವನ ಕೈಯಿಂದ ತಟ್ಟಿ ಬೀಳಿಸಿದರು. ಗಾಜು ಒಡೆಯಿತು. ನಗು ಮುಖದಲ್ಲೇ, ಹಲ್ಲು ಕಚ್ಚಿಕೊಂಡು ಹೇಳಿದರು: “ಜನರ ಎದುರು ಮರ್ಯಾದೆ ತೆಗೀಬೇಡ. ಆ ಕಾಗದ ಇನ್ನೂ ರಿಜಿಸ್ಟ್ರಿ ಆಗಲಿಲ್ಲ. ಗೊತ್ತುಂಟಲ್ಲ?”

ಗೊತ್ತಿತ್ತು. ದೂಮಪ್ಪ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಇನ್ನೊಂದು ಹೆಜ್ಜೆ ಇಟ್ಟ. ಕಿಸೆಯಲ್ಲಿ ಮನೆ ಇತ್ತು, ಬಸಳೆ ಚಪ್ಪರ ಇತ್ತು. ಗೇಟಿಗೆ ಹತ್ತೇ ಮಾರು. ಹೇಳುವುದು ಹೇಳಿಯಾಯಿತು, ಅವರ ಮಕ್ಕಳು, ಅವರ ನೀರು ಎಂದು ಮನಸ್ಸಿನಲ್ಲೇ ಅಂದುಕೊಂಡ.

“ಮಕ್ಕಳೇ, ಹಾರಬೇಡಿ! ನೀರು ವಿಷ ಉಂಟು!” ಎಂದು ತಾನು ಕಿರುಚಿದ್ದು ಅವನಿಗೇ ಆಶ್ಚರ್ಯವಾಯಿತು. ಜನ ತಿರುಗಿ ನೋಡಿದರು. ಯಾರೋ ನಕ್ಕರು. ಕುಡಿದಿದ್ದಾನೆ ಎಂದರು ಇನ್ಯಾರೋ. ವಿಕಾಸ್ ಮಕ್ಕಳಿಗೆ ಎಣಿಸತೊಡಗಿದ. ಒಂದು. ಆಶ್ರಿತಾ ಈಜುವ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಎಳೆದುಕೊಂಡಳು. ಎರಡು.

ಈ ಜನ ಯಾವುದಕ್ಕೆ ಹೆದರುತ್ತಾರೆಂದು ದೂಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಮೂರು ತಲೆಮಾರಿನಿಂದ ಗೊತ್ತಿತ್ತು. ಪತ್ರ ತೆಗೆದಿಡಲು ಹೊತ್ತಿರಲಿಲ್ಲ. ಅವನು ಓಡಿ ಬಂದು ಮಕ್ಕಳ ಎದುರಿನ ನೀರಿಗೆ ಧುಮುಕಿದ.

“ಅಯ್ಯೋ ದೇವರೇ! ಇಳಿದ, ಇವ ಇಳಿದ!” ಸುಗಂಧಿಯಮ್ಮ ಬೊಬ್ಬೆ ಹಾಕಿ ಮೊಮ್ಮಗಳ ರಟ್ಟೆ ಹಿಡಿದು ಎಳೆದರು. ಭಟ್ಟರು ಕುರ್ಚಿಯಿಂದ ಎದ್ದು ನಿಂತರು. ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ದಂಡೆಯಿಂದ ಎಳೆದುಕೊಂಡರು. ವಿಷ ಎಂದಾಗ ಅಲ್ಲಾಡದ ಜನ ಅರೆಗಳಿಗೆಯಲ್ಲಿ ಹತ್ತು ಅಡಿ ಹಿಂದಕ್ಕೆ ಹೋದರು. ಪೂಲಿನ ಸುತ್ತ ಒಂದು ನರಪಿಳ್ಳೆ ಉಳಿಯಲಿಲ್ಲ.

ದೂಮಪ್ಪ ನಡುನೀರಿನಲ್ಲಿ ಎದ್ದು ನಿಂತ. ಕಣ್ಣು ಬಿಡಲು ಆಗುತ್ತಿರಲಿಲ್ಲ. ಬೆರಳ ಸಂದಿಗಳಿಗೆ ಬೆಂಕಿ ಇಟ್ಟಂತಿತ್ತು.

“ಬಾರೋ ಮೇಲೆ, ನಾಯಿ!” ಸರ್ವೋತ್ತಮರ ಸ್ವರ ಒಡೆದಿತ್ತು. “ಭಟ್ರೇ, ಒಂದು ಕಲಶ ತನ್ನಿ. ಅರ್ಧ ಗಂಟೆಯಲ್ಲಿ ಮತ್ತೆ ಶುದ್ಧ ಮಾಡಿ. ಮಕ್ಕಳು ಸ್ವಲ್ಪ ಕಾಯಲಿ.”

ಏಣಿಯ ಕಡೆ ಹೆಜ್ಜೆ ಇಡುತ್ತಿದ್ದ ದೂಮಪ್ಪ ಅದನ್ನು ಕೇಳಿ ನಿಂತ. ತಿರುಗಿ ನಡುನೀರಿಗೇ ಹೋದ.

“ಬರುವುದಿಲ್ಲ ಧನಿ. ನೀರು ಬಿಡಿ. ಪೂರ್ತಿ ಬಿಡಿ. ಬಿಟ್ಟ ಮೇಲೆ ಬರ್ತೇನೆ.”

“ಎಳೆದು ಹಾಕ್ರೋ ಅವನನ್ನು!”

ಎಳೆಯಬೇಕಾದರೆ ಯಾರಾದರೂ ಆ ನೀರಿಗೆ ಇಳಿಯಬೇಕಿತ್ತು. ಜ್ಯೂಸು ಹಂಚುತ್ತಿದ್ದವನು ತಟ್ಟೆ ನೋಡಿದ. ಬಣ್ಣದವರು ಒಬ್ಬರ ಮುಖ ಒಬ್ಬರು ನೋಡಿದರು. ವಿಕಾಸ್ ಬೂಟು ಬಿಚ್ಚಲು ಬಗ್ಗಿದವನು ಹೆಂಡತಿ ಕೈ ಹಿಡಿದ ಕೂಡಲೇ ನೆಟ್ಟಗಾದ. ಯಾರೂ ಇಳಿಯಲಿಲ್ಲ.

ಜನರ ನಡುವಿನಿಂದ ರತ್ನಾವತಿ ಬಂದಳು. ಅವಳು ಬಂದಲ್ಲೆಲ್ಲ ಜನ ದಾರಿ ಬಿಟ್ಟರು. ದಂಡೆಗೆ ಬಂದು ಕೂತು ಗಂಡನ ಮುಖ ನೋಡಿದಳು.

“ಬನ್ನಿ ಮೇಲೆ. ಕಣ್ಣು ಹೋಗ್ತದೆ ಮಾರಾಯ್ರೆ.”

“ಕಾಗದ ನೋಡು ರತ್ನ. ನನಗೆ ಕಾಣುವುದಿಲ್ಲ.”

ಅವನು ಒದ್ದೆ ಕಿಸೆಯಿಂದ ಪತ್ರ ತೆಗೆದು ಬಿಡಿಸಿ ಅವಳ ಕಡೆ ಎತ್ತಿ ಹಿಡಿದ. ಟೈಪಿನ ಕಪ್ಪು ಅಕ್ಷರಗಳು ಹಾಗೇ ಇದ್ದವು. ಅವನ ಹೆಸರು, ಅಪ್ಪನ ಹೆಸರು, ಐದು ಸೆಂಟ್ಸ್ ಎಲ್ಲ ಇತ್ತು. ಕೆಳಗೆ ನೀಲಿ ಶಾಯಿಯ ಸಹಿ ಇದ್ದ ಜಾಗ ಮದ್ದಿನ ನೀರಿಗೆ ಬೆಳ್ಳಗಾಗಿತ್ತು.

ರತ್ನಾವತಿಗೆ ಓದಲು ಬರುತ್ತಿರಲಿಲ್ಲ. ಆದರೆ ನೀಲಿ ಇಲ್ಲದ್ದು ಕಂಡಿತು. ಎದ್ದು ಸೀದಾ ಪಂಪಿನ ಕೋಣೆಗೆ ಹೋದಳು. ಬೆಳಿಗ್ಗೆಯಿಂದ ಬೀಗ ತೆಗೆದೇ ಇತ್ತು. ಒಳಗಿನಿಂದ ಚಿಲಕ ಹಾಕಿಕೊಂಡದ್ದು ಎಲ್ಲರಿಗೂ ಕೇಳಿಸಿತು.

“ಹೇ, ಆ ಹೆಂಗಸು ಎಂತ ಮಾಡ್ತಾಳೆ? ಬಾಗಿಲು ಒಡೀರಿ!”

ಬಾಗಿಲಿಗೆ ಒದೆ ಬೀಳುವ ಮೊದಲೇ ಪೂಲಿನ ತಳದಲ್ಲಿ ಗೊಳಗೊಳ ಶಬ್ದ ಎದ್ದಿತು. ಮೂರನೆಯ ವಾಲ್ವು, ಕೆಂಪು ಹಿಡಿ. ಅದನ್ನು ತಿರುಗಿಸಿದ ಮೇಲೆ ಎರಡು ಲಕ್ಷ ಲೀಟರ್ ಖಾಲಿಯಾಗಲು ಆರು ಗಂಟೆ ಬೇಕೆಂದು ದೂಮಪ್ಪನಿಗೆ ಗೊತ್ತಿತ್ತು. ಬಾಗಿಲಿನ ಹಲಗೆ ಎಷ್ಟು ಹೊತ್ತು ತಡೆದೀತೆಂದು ಗೊತ್ತಿರಲಿಲ್ಲ.

ಅವನ ಮನೆಯ ಕಡೆಯಿಂದ ಜೆಸಿಬಿ ಸ್ಟಾರ್ಟ್ ಆದ ಸದ್ದು ಕೇಳಿಸಿತು. ಅವನು ಕಣ್ಣು ಮುಚ್ಚಿಕೊಂಡು, ಎದೆಯ ಮೇಲೆ ನೀರಿನ ಗೆರೆಯನ್ನು ಬೆರಳಿನಲ್ಲಿ ಹಿಡಿದು ನಿಂತ. ಸ್ವಲ್ಪ ಹೊತ್ತಿಗೆ ಗೆರೆ ಬೆರಳಿನಿಂದ ಕೆಳಗೆ ಹೋಯಿತು. ಅವನು ಬೆರಳನ್ನು ಇನ್ನಷ್ಟು ಕೆಳಗೆ ಇಟ್ಟ.